ಎಂಟು ರಾತ್ರಿ, ನಾಲ್ಕು ದ್ವೀಪ: ಬಳಗದ ಜೊತೆ ಹಡಗು ಹತ್ತಲೋ ಬೇಡವೋ?

ಅಂಚೆಯಮ್ಮ (ಕೃಷ್ಣಮೂರ್ತಿಪುರಂ, ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 34 ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿದವಳು ನಾನು. ಬರೆಯುವ ಸರದಿ ಈಗ ನನ್ನದು.

ನಮ್ಮದೊಂದು ಪರಂಪರೆ ಬಳಗ ಇದೆ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಆರೂವರೆಗೆ ಸೇರುತ್ತೇವೆ. ಹಳೇ ಕಟ್ಟಡವೋ, ಬೀದಿಯೋ, ಬಾವಿಯೋ ಯಾವುದಾದರೂ ಒಂದನ್ನು ನೋಡುತ್ತೇವೆ. ಆಮೇಲೆ ಇಡ್ಲಿ. ನಿಜ ಹೇಳಬೇಕೆಂದರೆ ಅರ್ಧ ಜನ ಬರುವುದೇ ಇಡ್ಲಿಗೆ. ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ, ಪಟ್ಟಣದ (ಶ್ರೀರಂಗಪಟ್ಟಣದ) ಕೋಟೆ ಎಲ್ಲ ಎರಡೆರಡು ಸಲ ಆಗಿವೆ.

ಹೋದ ತಿಂಗಳು ಇಡ್ಲಿ ತಿನ್ನುವ ಹೊತ್ತಿಗೆ ನಮ್ಮ ಕಾರ್ಯದರ್ಶಿಗಳು ಎಲ್ಲರ ಕೈಗೂ ಒಂದು ಕಾಗದ ಕೊಟ್ಟರು. ಮುಂದಿನ ಮೇ ತಿಂಗಳು ಬಳಗದ 22 ಜನ ಹಡಗಿನಲ್ಲಿ ಪ್ರವಾಸ ಹೋಗುವುದಂತೆ! ಸೋಮವಾರ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹೊರಡುವುದು. ಮಂಗಳವಾರದಿಂದ ದಿನಕ್ಕೊಂದು ಊರು: ಸ್ಯಾಂಟೊರಿನಿ, ಟರ್ಕಿಯ ಕುಶಾದಸಿ, ರೋಡ್ಸ್, ಕ್ರೀಟ್ ದ್ವೀಪದ ಹೆರಾಕ್ಲಿಯನ್. ಒಂದು ದಿನ ಬರೀ ನೀರು. ಆಮೇಲೆ ಮಾಲ್ಟಾದ ವಲೆಟ್ಟಾ. ಇನ್ನೊಂದು ದಿನ ನೀರು, ಮತ್ತೆ ಪಿರೇಯಸ್. ವಿಮಾನ, ವೀಸಾ ಸೇರಿ ತಲೆಗೆ ಮೂರು ಲಕ್ಷದ ಹತ್ತಿರ. ಅದೂ ಕೋಣೆಗೆ ಇಬ್ಬರು ಇದ್ದರೆ. ಒಬ್ಬಳೇ ಇರುತ್ತೇನೆ ಅಂದರೆ ಕೋಣೆ ದುಡ್ಡು ಹೆಚ್ಚು ಕಡಿಮೆ ಡಬಲ್.

ಮೊದಲು ನಕ್ಕು ಕಾಗದ ಮಡಚಿಟ್ಟೆ. ಯಾಕೆಂದರೆ ನಾನು ಇದುವರೆಗೆ ಹತ್ತಿರುವ ದೊಡ್ಡ ಹಡಗು ರಂಗನತಿಟ್ಟಿನ ದೋಣಿ. ಅದರಲ್ಲೂ ಮೊಸಳೆ ಬಾಯಿ ಬಿಟ್ಟಾಗ ಕಣ್ಣು ಮುಚ್ಚಿಕೊಂಡಿದ್ದೆ.

ಆದರೆ ರಾತ್ರಿ ನಮ್ಮೆಜಮಾನರ ಸ್ಟಾಂಪ್ ಆಲ್ಬಮ್ ತೆಗೆದೆ. ಅವರು ಹೋಗಿ ನಾಲ್ಕು ವರ್ಷವಾಯಿತು. ಮಲಯಾ ಪುಟ ಆದಮೇಲೆ ಮಾಲ್ಟಾ ಪುಟ, ಅದರಲ್ಲಿ ಒಂದೇ ಒಂದು ಸ್ಟಾಂಪ್. ಎಂಟು ಚೂಪು ತುದಿಗಳ ಬಿಳಿ ಶಿಲುಬೆ. ಹಿಂದೆ ಅಂಟಿಸಿದ್ದ ಕಾಗದದ ಚೂರು ಒಣಗಿಹೋಗಿ, ಮುಟ್ಟಿದ ತಕ್ಷಣ ಸ್ಟಾಂಪ್ ಕಳಚಿ ನನ್ನ ಮಡಿಲಿಗೆ ಬಿತ್ತು. ಖಾಲಿಯಾದ ಜಾಗದ ಪಕ್ಕದಲ್ಲಿ ಅವರು ಪೆನ್ಸಿಲ್ಲಿನಲ್ಲಿ ಬರೆದಿದ್ದರು: "ಇಷ್ಟು ಚಿಕ್ಕ ದೇಶಕ್ಕೆ ಯಾಕಿಷ್ಟು ಕೋಟೆ?" ಎಲ್ಲಿ ಓದಿದ್ದರೋ ಏನೋ. ಉತ್ತರ ಬರೆದಿರಲಿಲ್ಲ.

ಅವತ್ತಿನಿಂದ ಹೋಗಬೇಕು ಅನ್ನಿಸುತ್ತಿದೆ. ಭಯಗಳೂ ಇವೆ. ಒಂದೊಂದು ಊರಿನಲ್ಲೂ ಎಂಟು ಗಂಟೆ, ಹೆಚ್ಚೆಂದರೆ ಹತ್ತು ಗಂಟೆ ಹಡಗು ನಿಲ್ಲುತ್ತದಂತೆ. ಅಷ್ಟರಲ್ಲಿ ಏನು ನೋಡಿದ ಹಾಗಾಗುತ್ತದೆ? ಹೋದ ಪುಟ್ಟ ಬಂದ ಪುಟ್ಟ ಆಗಬಾರದು ಅಲ್ವಾ? ನನ್ನ ಎಡ ಮಂಡಿ ಸರಿಯಿಲ್ಲ. ಮೊಟ್ಟೆಯನ್ನೂ ತಿನ್ನುವವಳಲ್ಲ. ವಯಸ್ಸು 66. ನನ್ನ ನಾದಿನಿ ಬೇರೆ, "ಪಟ್ಟಣವೂ ದ್ವೀಪವೇ ತಾನೆ ಅತ್ತಿಗೆ, ಒಂದು ಬಸ್ಸು ಹತ್ತಿದರೆ ಆಯಿತು" ಅಂತ ಆಡಿಕೊಳ್ಳುತ್ತಾಳೆ.

ಹೋಗಿ ಬಂದವರು ಇದ್ದರೆ ಹೇಳಿ. ಸುಮ್ನೆ "ಎಂಜಾಯ್ ಮಾಡಿ ಆಂಟಿ" ಅನ್ನಬೇಡಿ. ಯಾವ ಊರಿನಲ್ಲಿ ಏನು ನೋಡಬೇಕು, ಏನು ಬಿಡಬೇಕು ಅದನ್ನು ಹೇಳಿ.


ಪಟ್ಟಣದ ಮೇಷ್ಟ್ರು (ಗಂಜಾಂ, ಶ್ರೀರಂಗಪಟ್ಟಣ)

ತಾಯಿ, ನಿಮ್ಮ ಯಜಮಾನರು ಆ ಪ್ರಶ್ನೆ ನನ್ನ ಕ್ಲಾಸಿನಲ್ಲಿ ಕೇಳಿದ್ದರೆ ಎರಡು ಪೀರಿಯಡ್ ಬೇಕಾಗುತ್ತಿತ್ತು. ನಾನು ರಿಟೈರಾದ ವರ್ಷ ಮಗಳು ಅಳಿಯ ಕರೆದುಕೊಂಡು ಹೋಗಿದ್ದರು. ರೋಡ್ಸ್, ಕ್ರೀಟ್, ಮಾಲ್ಟಾ ಮೂರೂ ನೋಡಿದ್ದೇನೆ.

ನಿಮ್ಮ ಹಡಗಿನವರಿಗೆ ಗೊತ್ತಿದೆಯೋ ಇಲ್ಲವೋ, ಅವರು ಹಾಕಿರುವ ದಾರಿಯಲ್ಲಿ ಒಂದು ಪೂರ್ತಿ ಕಥೆ ಇದೆ. ಸೇಂಟ್ ಜಾನ್ ನೈಟ್ಸ್ ಅಂತ ಒಂದು ಪಂಗಡ. ಅರ್ಧ ಸನ್ಯಾಸಿಗಳು, ಅರ್ಧ ಸಿಪಾಯಿಗಳು. 1309ರಿಂದ ರೋಡ್ಸ್ ಅವರ ಕೈಯಲ್ಲಿತ್ತು. 1522ರಲ್ಲಿ ಆಟೊಮನ್ ಸುಲ್ತಾನ ಸುಲೈಮಾನ್ ಬಂದು ಮುತ್ತಿಗೆ ಹಾಕಿದ. ಆರು ತಿಂಗಳು ತಡೆದರು, ಕೊನೆಗೆ ಶರಣಾದರು. ಸುಲ್ತಾನ ಅವರನ್ನು ಕೊಲ್ಲದೆ ಹೋಗಲು ಬಿಟ್ಟ. 1523ರ ಜನವರಿ 1ರಂದು ಹಡಗು ಹತ್ತಿ ಮೊದಲು ಹೋದದ್ದು ಎಲ್ಲಿಗೆ ಗೊತ್ತೇ? ಕ್ರೀಟ್‌ಗೆ. ಆಗ ಅದು ವೆನಿಸ್‌ನವರದು. ಈಗ ಹೆರಾಕ್ಲಿಯನ್ ಅನ್ನುವ ಊರಿಗೆ ಆಗ ಕ್ಯಾಂಡಿಯಾ ಅಂತ ಹೆಸರು. ಏಳು ವರ್ಷ ಸ್ವಂತ ನೆಲೆ ಇಲ್ಲದೆ ಅಲೆದರು. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾ ಕೊಟ್ಟ. ಬಾಡಿಗೆ ವರ್ಷಕ್ಕೊಂದು ಡೇಗೆ ಹಕ್ಕಿ. ಅಂಥ ಬಾಡಿಗೆಗೆ ನಮ್ಮ ಗಂಜಾಮಿನಲ್ಲಿ ಒಂದು ಮಾಡೂ ಸಿಗುವುದಿಲ್ಲ.

1565ರಲ್ಲಿ ಅದೇ ಸುಲೈಮಾನನ ಸೈನ್ಯ ಮಾಲ್ಟಾಕ್ಕೂ ಬಂತು. ಹೆಚ್ಚು ಕಡಿಮೆ ನಾಲ್ಕು ತಿಂಗಳು ಮುತ್ತಿಗೆ. ಈ ಸಲ ನೈಟ್ಸ್ ಗೆದ್ದರು. ಮಾರನೇ ವರ್ಷವೇ ಬೋಳು ಗುಡ್ಡದ ಮೇಲೆ ಹೊಸ ಕೋಟೆ ಊರಿಗೆ ಕಲ್ಲು ಇಟ್ಟರು. ಆಗಿನ ಮುಖ್ಯಸ್ಥ ಲಾ ವಾಲೆಟ್ ಹೆಸರೇ ಊರಿಗೆ ಬಂತು. ಒಂದು ಸಲ ಮನೆ ಕಳೆದುಕೊಂಡವರು ಇನ್ನೊಂದು ಸಲ ಕಳೆದುಕೊಳ್ಳಬಾರದು ಅಂತ ಕಟ್ಟಿದ್ದು, ಅದಕ್ಕೇ ಅಷ್ಟು ಕೋಟೆ. ಪೆನ್ಸಿಲ್ ಬರಹದ ಕೆಳಗೆ ಇಷ್ಟು ಬರೆದುಕೊಳ್ಳಿ. ನಿಮ್ಮ ಸ್ಟಾಂಪಿನ ಶಿಲುಬೆಯೂ ಅವರದೇ.

ರೋಡ್ಸ್‌ನಲ್ಲಿ ಹಡಗು ಹಳೇ ಕೋಟೆಯ ಹತ್ತಿರವೇ ನಿಲ್ಲುತ್ತದೆ. ಬಸ್ಸು ಬೇಡ, ಇಳಿದು ನಡೆದರೆ ಕೋಟೆ ಬಾಗಿಲು. ಒಳಗೆ ನೈಟ್ಸ್ ಬೀದಿ ಅಂತ ಇದೆ. ಅಲ್ಲಿ ಒಂದೊಂದು ಭಾಷೆಯವರಿಗೆ ಒಂದೊಂದು ಛತ್ರ! ಫ್ರೆಂಚರದು, ಇಟಲಿಯವರದು, ಸ್ಪೇನಿನವರದು ಹೀಗೆ. ಕೋಟೆ ಗೋಡೆ ಕಾಯುವುದನ್ನೂ ಭಾಷೆವಾರು ಹಂಚಿಕೊಂಡಿದ್ದರು. ನಮ್ಮಲ್ಲಿ ಭಾಷಾವಾರು ಪ್ರಾಂತ್ಯ ಆಗುವುದಕ್ಕೆ ನೂರಾರು ವರ್ಷ ಮುಂಚೆ. ನೆಲಕ್ಕೆ ನುಣುಪು ಬೆಣಚು ಕಲ್ಲು ಹಾಸಿದ್ದಾರೆ. ನಿಮ್ಮ ಮಂಡಿಗೆ ಕಷ್ಟ. ಒಳ್ಳೆಯ ಬೂಟು, ಒಂದು ಕೋಲು ಇರಲಿ.

ಬೀದಿಯ ಮೇಲ್ತುದಿಯಲ್ಲಿ ಅರಮನೆ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. ಆದರೆ ಹಳೆಯದು 1856ರಲ್ಲಿ ಪಕ್ಕದ ಮದ್ದಿನ ಮನೆ ಸಿಡಿದು ಹಾಳಾಯಿತು. ಈಗ ಇರುವುದನ್ನು 1937ರಿಂದ 1940ರೊಳಗೆ ಇಟಲಿಯವರು ಕಟ್ಟಿದ್ದು. ಅವರಿಗೆ ಆಗ ಮುಸೊಲಿನಿ ಕಾಲ. ನನ್ನ ಅಳಿಯ "ಇದು ಡೂಪ್ಲಿಕೇಟಾ ಮಾವ?" ಅಂದ. ಹಾಗಾದರೆ ಮೈಸೂರು ಅರಮನೆ? ಮರದ್ದು 1897ರಲ್ಲಿ ಸುಟ್ಟುಹೋಗಿ, ಇರ್ವಿನ್ ನಕ್ಷೆ ಹಾಕಿದ್ದು 1912ರಲ್ಲಿ ಮುಗಿದದ್ದಲ್ಲವೇ? ಅದನ್ನು ಡೂಪ್ಲಿಕೇಟು ಅಂದರೆ ನೀವು ನನ್ನನ್ನು ಬಿಡುತ್ತೀರಾ?

ಇನ್ನು ನಮ್ಮೂರಿಗೆ ಸಂಬಂಧಪಟ್ಟದ್ದು. 1798ರ ಜೂನ್‌ನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಮಾಲ್ಟಾ ಹಿಡಿದ. ಅಷ್ಟೊಂದು ಕೋಟೆ ಕಟ್ಟಿದ ಪಂಗಡದವರು ಸರಿಯಾಗಿ ಹೋರಾಡಲೂ ಇಲ್ಲ. ಅವನು ಉಳಿದುಕೊಂಡ ಮನೆ ವಲೆಟ್ಟಾದಲ್ಲಿ ಈಗ ವಿದೇಶಾಂಗ ಇಲಾಖೆ. ಅಲ್ಲಿಂದ ಕೈರೋಗೆ ಹೋಗಿ 1799ರ ಜನವರಿಯಲ್ಲಿ ಟಿಪ್ಪುವಿಗೆ ಕಾಗದ ಬರೆದ. ಅದು ಪಟ್ಟಣಕ್ಕೆ ಬರಲೇ ಇಲ್ಲ, ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ನಿಮ್ಮ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಬಟವಾಡೆ ಆಗದ ಕಾಗದ. ಮೇ 4ಕ್ಕೆ ಪಟ್ಟಣ ಬಿತ್ತು. ಆ ಮನೆ ಮುಂದೆ ನಿಂತು ನನಗೆ ನಮ್ಮ ಟಿಪ್ಪು ಕೋಟೆಯ ವಾಟರ್ ಗೇಟ್ ನೆನಪಾಯಿತು. ನಿಮ್ಮ ನಾದಿನಿಯವರಿಗೆ ಹೇಳಿ, ಎರಡು ದ್ವೀಪವನ್ನೂ ನೋಡಬಹುದು.

ಒಂದು ಮುಖ್ಯ ವಿಷಯ. ಸೋಮವಾರ ಹೊರಟರೆ ಬೆರಳು ಮಡಚಿ ಎಣಿಸಿ. ಮಾಲ್ಟಾಕ್ಕೆ ಹೋಗುವುದು ಭಾನುವಾರ. ವಲೆಟ್ಟಾದಲ್ಲಿ ನೈಟ್ಸ್ ಕಟ್ಟಿದ ಸೇಂಟ್ ಜಾನ್ ಚರ್ಚು ಭಾನುವಾರ ಪ್ರವಾಸಿಗಳಿಗೆ ಇಲ್ಲ. ನೆಲದ ತುಂಬ ಸುಮಾರು ನಾನೂರು ಗೋರಿಗಳು, ಬಣ್ಣಬಣ್ಣದ ಅಮೃತಶಿಲೆ. ಗೋಡೆಯಲ್ಲಿ 1608ರ ಕಾರವಾಜ್ಜೋ ಚಿತ್ರ, ಸಂತನ ಕುತ್ತಿಗೆಯಿಂದ ಹರಿದ ರಕ್ತದಲ್ಲಿ ಚಿತ್ರಕಾರ ತನ್ನ ಹೆಸರು ಬರೆದಿದ್ದಾನೆ. ಮೂರು ಲಕ್ಷ ಕೊಟ್ಟು ಹೋಗಿ ಮುಚ್ಚಿದ ಬಾಗಿಲು ನೋಡಬೇಡಿ.


ಸಕ್ಕರೆ ಸೀಮೆ (ಮಂಡ್ಯ)

ಅಕ್ಕ, ಮೇಷ್ಟ್ರು ಇತಿಹಾಸ ಹೇಳವ್ರೆ, ನಾನು ನಮ್ಮ ಮರ್ಯಾದೆ ಹೋದ ಕಥೆ ಹೇಳ್ತೀನಿ. ದಯವಿಟ್ಟು ಕೈಗೆ ವಾಚು ಕಟ್ಟಿಕೊಂಡು ಹೋಗಿ. ಮೊಬೈಲ್ ನಂಬಬೇಡಿ.

ನಾನು, ನಮ್ಮಾಕೆ ಹೋಗಿದ್ದೆವು. ಗ್ರೀಸ್ ಮುಗಿಸಿ ಮಾಲ್ಟಾ. ಗ್ರೀಸಿಗಿಂತ ಮಾಲ್ಟಾ ಒಂದು ಗಂಟೆ ಹಿಂದೆ. ನಮ್ಮ ಹಡಗಿನವರು ಗಡಿಯಾರ ತಿರುಗಿಸಲಿಲ್ಲ, ಗ್ರೀಸ್ ಟೈಮಲ್ಲೇ ಇದ್ದರು. ಹಿಂದಿನ ರಾತ್ರಿ ಮೈಕಿನಲ್ಲಿ ಹೇಳಿದರಂತೆ, ರೂಮಿಗೆ ಬಂದ ಚೀಟಿಯಲ್ಲೂ ಇತ್ತಂತೆ. ನಾನು ಚೀಟಿ ಓದುವ ಗಿರಾಕಿ ಅಲ್ಲ. ಊರಿಗೆ ಇಳಿದ ತಕ್ಷಣ ಮೊಬೈಲ್ ತಾನೇ ಒಂದು ಗಂಟೆ ಹಿಂದೆ ಹೋಯ್ತು. ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು. ನನ್ನ ಮೊಬೈಲಲ್ಲಿ ಮೂರೂ ಹತ್ತು. ಆರಾಮಾಗಿ ಬರಾಕ್ಕಾ ತೋಟದಲ್ಲಿ ಕೂತು ಬಟಾಣಿ ತುಂಬಿದ ಪಫ್ಸ್ ಥರದ್ದು ತಿನ್ನುತ್ತಾ ಕೆಳಗೆ ನಮ್ಮದೇ ಹಡಗನ್ನು ನೋಡ್ತಾ ಇದ್ದೀವಿ. ನಮ್ಮಾಕೆಗೆ ಅವರಪ್ಪ ಕೊಟ್ಟ ಎಚ್‌ಎಂಟಿ ವಾಚು. "ರೀ, ನನ್ನ ವಾಚಲ್ಲಿ ನಾಲ್ಕೂ ಹತ್ತು" ಅಂದಳು. ನಾನು "ನಿಮ್ಮಪ್ಪನ ವಾಚು ಯಾವಾಗ ಸರಿ ಇತ್ತು" ಅಂದೆ. ಆಮೇಲೆ ನೋಡಿದರೆ ಸುತ್ತ ಮುತ್ತ ನಮ್ಮ ಹಡಗಿನವರು ಒಬ್ಬರೂ ಇಲ್ಲ.

ತೋಟದಿಂದ ಕೆಳಕ್ಕೆ 58 ಮೀಟರ್ ಎತ್ತರದ ಲಿಫ್ಟ್ ಇದೆ, ಬಂದರಿನ ಕಡೆಗೇ ಇಳಿಯುತ್ತೆ. ಅದೊಂದು ಇಲ್ಲದಿದ್ದರೆ ಹಡಗು ತಪ್ತಿತ್ತು. ಓಡಿ ಓಡಿ ಹೋದರೆ ಏಣಿ ಬಾಗಿಲಲ್ಲಿ ಇಬ್ಬರು ನಮ್ಮ ಹೆಸರು ಕೂಗ್ತಾ ನಿಂತವ್ರೆ. ಮೇಲಿನ ಬಾಲ್ಕನಿಗಳಿಂದ ಜನ ಚಪ್ಪಾಳೆ. ಎರಡು ದಿನ ನಮ್ಮಾಕೆ ನನ್ನ ಹತ್ರ ಮಾತಾಡಲಿಲ್ಲ, ವಾಚು ಮಾತ್ರ ಆಗಾಗ ತೋರಿಸ್ತಿದ್ದಳು.

ನಿಮಗೂ ಆ ಲಿಫ್ಟ್ ಒಳ್ಳೆಯದು ಅಕ್ಕ, ಮಂಡಿಗೆ.

ಇನ್ನೊಂದು. ಹೆರಾಕ್ಲಿಯನ್‌ನಲ್ಲಿ ಕ್ನೊಸೊಸ್ ಅಂತ ಹಳೇ ಅರಮನೆ ಇದೆ, ಊರಿಂದ ಐದು ಕಿಲೋಮೀಟರ್. ನಾವು ಒಂದು ಟೂರ್‌ನವರ ಬಸ್ಸಲ್ಲಿ ಹೋದೆವು. ದಾರಿಯಲ್ಲಿ ಆಲಿವ್ ಎಣ್ಣೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿದರು, ಅರಮನೆಯಲ್ಲಿ ಐವತ್ತು ನಿಮಿಷ. ನೀವು 22 ಜನ ಇದ್ದೀರಿ, ನಿಮ್ಮದೇ ಬಸ್ಸು, ನಿಮ್ಮದೇ ಗೈಡ್ ಮಾಡಿಕೊಳ್ಳಿ. ಅಲ್ಲಿರುವ ಕೆಂಪು ಕಂಬ, ಗೋಡೆ ಚಿತ್ರ ನೋಡಿ ಮೋಸ ಹೋಗಬೇಡಿ. ಇವಾನ್ಸ್ ಅನ್ನೋ ಇಂಗ್ಲಿಷಿನವನು 1900ರಿಂದ ಅಗೆದು, ಆಮೇಲೆ ಸಿಮೆಂಟ್ ಹಾಕಿ ತನಗೆ ತೋಚಿದ ಹಾಗೆ ಎಬ್ಬಿಸಿ ನಿಲ್ಲಿಸಿದ್ದು. ಅಸಲಿ ಚಿತ್ರಗಳು ಊರೊಳಗಿನ ಮ್ಯೂಸಿಯಮ್ಮಿನಲ್ಲಿವೆ. ಬಿಸಿಲು ಜಾಸ್ತಿ ಇದ್ದರೆ ಮ್ಯೂಸಿಯಂ ಒಂದೇ ಸಾಕು.


ಸುಮ್ನೆ ಓದುವವ (ಮೈಸೂರು)

ಇಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದು ಬಿತ್ತು. ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಜಗಳ. 22 ಜನ ಸೇರಿ ಅರವತ್ತು ಎಪ್ಪತ್ತು ಲಕ್ಷ ಖರ್ಚು ಮಾಡಿ ಪರದೇಶದ ಗೋಡೆ ನೋಡುವುದು ಪರಂಪರೆ ಪ್ರೀತಿಯೋ, ಶೋಕಿಯೋ? ಬೇಜಾರಾದರೆ ಕ್ಷಮಿಸಿ.


ಗ್ಯಾಲಿ ಹುಡುಗ (ಮದ್ದೂರು, ಸದ್ಯಕ್ಕೆ ನೀರಿನ ಮೇಲೆ)

ಆಂಟಿ, ನಾನು ಇಂಥದ್ದೇ ಒಂದು ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಊಟಕ್ಕೆ ಹೆದರಬೇಡಿ. ಬುಕ್ ಮಾಡುವಾಗಲೇ "ಮೊಟ್ಟೆ ಇಲ್ಲದ ಸಸ್ಯಾಹಾರ" ಅಂತ ಬರೆಸಿ. ಹತ್ತಿದ ದಿನ ಊಟದ ಹಾಲಿನ ಮೇಲ್ವಿಚಾರಕರಿಗೆ ಮತ್ತೆ ಹೇಳಿ. ಎರಡು ಸಲ ಹೇಳಬೇಕು, ಒಂದು ಸಲ ಹೇಳಿದ್ದು ನಮ್ಮವರೆಗೆ ಬರುವುದಿಲ್ಲ. ಸ್ಯಾಂಟೊರಿನಿಯಲ್ಲಿ ಫಾವಾ ಅಂತ ಸಿಗುತ್ತೆ, ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿದ್ದು. ಒಗ್ಗರಣೆ ಹಾಕದ ತೊವ್ವೆ ಅಂದುಕೊಳ್ಳಿ. ಮದ್ದೂರು ವಡೆ ಮಾತ್ರ ಎಲ್ಲೂ ಸಿಗಲ್ಲ, ಎರಡು ವರ್ಷದಿಂದ ಹುಡುಕುತ್ತಿದ್ದೇನೆ.

ಚಟ್ನಿಪುಡಿ ತನ್ನಿ. ತುಪ್ಪದ ಡಬ್ಬಿ ಬೇಡ, ಹಾಲಿನ ಪದಾರ್ಥ ಯುರೋಪಿನೊಳಗೆ ತರುವಂತಿಲ್ಲ. ಕರೆಂಟ್ ಕೆಟಲ್, ಇಸ್ತ್ರಿಪೆಟ್ಟಿಗೆ ತಂದರೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ, ಬೆಂಕಿ ಭಯ. ಬಿಸಿನೀರು ಊಟದ ಹಾಲಿನಲ್ಲಿ ಬೇಕಾದಷ್ಟು ಸಿಗುತ್ತದೆ.

ಕೋಣೆ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ಅಲ್ಲಿ ತೂಗಾಟ ಕಡಿಮೆ, ಬಾಲ್ಕನಿ ಇರಲ್ಲ, ದುಡ್ಡೂ ಕಡಿಮೆ. ಮೇ ತಿಂಗಳು ಒಳ್ಳೆಯದೇ. ಜುಲೈ, ಆಗಸ್ಟ್‌ನಲ್ಲಿ ಆ ಕಡೆ ಮೆಲ್ಟೆಮಿ ಅಂತ ಗಾಳಿ ಬೀಸುತ್ತೆ, ಆಗ ನಮಗೇ ಹೊಟ್ಟೆ ತೊಳಸುತ್ತೆ.

ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೆ ಹೋಗಲ್ಲ. ನೀರಲ್ಲೇ ನಿಂತು ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ. ಮೇಲಿನ ಊರಿಗೆ 588 ಮೆಟ್ಟಿಲು, ಇಲ್ಲವೇ ಕೇಬಲ್ ಕಾರ್. ಚಾಮುಂಡಿ ಬೆಟ್ಟದಲ್ಲಾದರೆ ನಂದಿ ಹತ್ತಿರ ಬರುವುದರೊಳಗೆ ಮುಗಿಯುವಷ್ಟು. ಆದರೆ ಇಲ್ಲಿ ಕತ್ತೆಗಳೂ ಅದೇ ಮೆಟ್ಟಿಲಲ್ಲಿ ಓಡಾಡುತ್ತವೆ, ಜಾರುತ್ತೆ. ಹತ್ತಬೇಡಿ. ಹಡಗಿನವರ ಟೂರ್ ತೆಗೆದುಕೊಂಡರೆ ಬೇರೆ ಬಂದರಿನಲ್ಲಿ ಇಳಿಸಿ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ನಿಮ್ಮಂಥವರು ಅಕ್ರೋಟಿರಿ ನೋಡಬೇಕು, ಸುಮಾರು 3600 ವರ್ಷದ ಹಿಂದೆ ಜ್ವಾಲಾಮುಖಿ ಬೂದಿಯಲ್ಲಿ ಹೂತುಹೋದ ಊರು. ಮೇಲೆ ಚಾವಣಿ ಇದೆ, ಬಿಸಿಲಿಲ್ಲ. ಸೂರ್ಯಾಸ್ತದ ಫೋಟೋಗೆ ನೂಕಾಡುವುದು ಬೇರೆಯವರಿಗೆ ಬಿಡಿ.

ವೀಸಾ ವಿಷಯ ಗಮನ ಇರಲಿ. ಗ್ರೀಸ್, ಮಾಲ್ಟಾ ಎರಡೂ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ನಡುವೆ ಟರ್ಕಿಗೆ ಹೋದರೆ ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ಒಂದೇ ಸಲ ಒಳಗೆ ಬರುವ ವೀಸಾ ಸಾಲದು, ಹಲವು ಸಲದ್ದು ಬೇಕು. 30,000 ಯೂರೋ ಮೊತ್ತದ ವಿಮೆಯೂ ಬೇಕು. ಟರ್ಕಿಯಲ್ಲಿ ಇಳಿಯುವುದಕ್ಕೆ ಏನು ಬೇಕು ಅಂತ ಏಜೆಂಟರಿಂದ ಬರಹದಲ್ಲಿ ತೆಗೆದುಕೊಳ್ಳಿ.


ಅಂಚೆಯಮ್ಮ (ಕೃಷ್ಣಮೂರ್ತಿಪುರಂ, ಮೈಸೂರು)

ಎಲ್ಲರ ಉತ್ತರವನ್ನೂ ಪ್ರಿಂಟ್ ತೆಗೆಸಿ ಬಳಗದ ಸಭೆಗೆ ಒಯ್ದಿದ್ದೆ. ಮೇಷ್ಟ್ರೇ, ಬೆರಳು ಮಡಚಿ ಎಣಿಸಿದೆ. ಭಾನುವಾರವೇ. 22 ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಪರಂಪರೆ ಬಳಗ ಅಂತ ಹೆಸರು ಬೇರೆ. ಅಲ್ಲಿಂದಲೇ ಏಜೆಂಟರಿಗೆ ಫೋನ್ ಮಾಡಿದರೆ, "ಚರ್ಚ್ ತಾನೆ ಮೇಡಂ, ಹೊರಗಿನಿಂದ ನೋಡಿದರಾಯಿತು" ಅಂದರು. ಭಾನುವಾರ ಅಂಚೆ ಕಚೇರಿಯನ್ನು ಹೊರಗಿನಿಂದ ನೋಡಿ ಹೋದವರ ಮನಿಯಾರ್ಡರ್ ತಲುಪಿದ್ದನ್ನು ನಾನಂತೂ ಕಂಡಿಲ್ಲ ಅಂದೆ. ಒಂದು ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು. ಗುರುವಾರ ಹೊರಡುವ ಹಡಗು ಇದೆಯಂತೆ, ದಾರಿ ಅದೇ, ವಲೆಟ್ಟಾ ಬುಧವಾರ. ತಲೆಗೆ ಹನ್ನೊಂದು ಸಾವಿರ ಜಾಸ್ತಿ. ಮೂರು ಜನ ಹಿಂದೆ ಸರಿದರು, 19 ಜನ ಉಳಿದಿದ್ದೇವೆ.

ಸುಮ್ನೆ ಓದುವವರೇ, ಬೇಜಾರಿಲ್ಲ. ನಿಮ್ಮ ಮಾತು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಸ್ವಲ್ಪ ಹೊತ್ತು ಯಾರೂ ಇಡ್ಲಿ ಮುಟ್ಟಲಿಲ್ಲ. ಶೋಕಿ ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮಾರುಕಟ್ಟೆ ವಿಷಯಕ್ಕೆ ಸಹಿ ಸಂಗ್ರಹಿಸಿದಾಗ ಬಿಸಿಲಲ್ಲಿ ಮೇಜು ಹಾಕಿಕೊಂಡು ಕೂತವರಲ್ಲಿ ನಾನೂ ಒಬ್ಬಳು. ಒಂದು ಭಾನುವಾರ ನೀವೂ ಬನ್ನಿ.

ಕುಶಾದಸಿ ದಿನ ನಾನು ಇಳಿಯುವುದಿಲ್ಲ, ಮಂಡಿಗೆ ರಜ. ಮಾರನೇ ದಿನ ರೋಡ್ಸ್‌ನ ಬೆಣಚು ಕಲ್ಲು ಕಾಯುತ್ತಿದೆಯಲ್ಲ. ಕ್ನೊಸೊಸ್‌ಗೆ ನಮ್ಮದೇ ಬಸ್ಸು ಅಂತ ತೀರ್ಮಾನವಾಯಿತು, ಆಲಿವ್ ಎಣ್ಣೆ ಅಂಗಡಿ ಕಡೆ ತಿರುಗಬಾರದು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇನೆ. ಕೋಣೆಗೆ ಜೊತೆ ಸಿಕ್ಕಿದ್ದಾರೆ. ಗೊರಕೆ ಹೊಡೆಯುತ್ತಾರಂತೆ. ನಾನೂ ಹೊಡೆಯುತ್ತೇನಂತೆ, ನಾದಿನಿ ಹೇಳಿದಳು.

ಮೇಷ್ಟ್ರೇ, ಬರುವ ಎರಡನೇ ಭಾನುವಾರ ಬೆಳಗ್ಗೆ ಆರೂವರೆಗೆ ನಾವೆಲ್ಲ ಪಟ್ಟಣದ ವಾಟರ್ ಗೇಟ್ ಹತ್ತಿರ ಸೇರುತ್ತಿದ್ದೇವೆ. ಹೊಸ ಬೂಟು ಹಾಕಿಕೊಂಡು ಕೋಟೆ ಸುತ್ತ ನಡೆದು ಅಭ್ಯಾಸ ಮಾಡುವುದು. ಬಟವಾಡೆ ಆಗದ ಕಾಗದದ ಕಥೆ ಅಲ್ಲೇ ನಿಂತು ಹೇಳಬೇಕು. ಇಡ್ಲಿ ನಮ್ಮ ಕಡೆಯಿಂದ. ಮಂಡ್ಯದವರೇ, ನಿಮ್ಮ ಮನೆಯವರನ್ನು ಕರೆದುಕೊಂಡು ಬನ್ನಿ, ಆ ವಾಚು ನೋಡಬೇಕು.

ಮದ್ದೂರಿನ ಮಗು, ನಿನಗೊಂದು ಪ್ರಶ್ನೆ. ವಲೆಟ್ಟಾದಲ್ಲಿ ಅಂಚೆ ಕಚೇರಿ ಬಂದರಿಗೆ ಹತ್ತಿರ ಇದೆಯಾ? ನನ್ನ ವಿಳಾಸಕ್ಕೇ ಒಂದು ಕಾರ್ಡ್ ಹಾಕಬೇಕು. ಮುದ್ರೆ ನೆಟ್ಟಗೆ ಒತ್ತುತ್ತಾರಾ ಅಂತ ನೋಡೋಣ.